ಔಟ್‌ಬ್ಯಾಕ್‌ಗೆ ಪುಟ್ಟ ವಿಮಾನ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

2025ರ ಮಾರ್ಚ್–ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸುರಿದ ಮಳೆಯ ನೀರು ನೂರಾರು ಕಿಲೋಮೀಟರ್ ಹರಿದು ಕಾಟಿ ಥಂಡಾ–ಲೇಕ್ ಏರ್ ಎಂಬ ಉಪ್ಪಿನ ಸರೋವರವನ್ನು ಸೇರಿತು. ಆ ಚಿತ್ರಗಳು ಎಲ್ಲೆಡೆ ಹರಿದಾಡಿದ ಮೇಲೆ, ಒಂದೇ ಎಂಜಿನ್ನಿನ ಸಣ್ಣ ವಿಮಾನ ಬಾಡಿಗೆಗೆ ಪಡೆದು ಔಟ್‌ಬ್ಯಾಕ್ ಎನ್ನುವ ಆ ಬರಡು ಒಳನಾಡಿಗೆ ಹೋಗುವುದು ಹೇಗೆ ಎಂದು ಕೇಳಿ ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಇಲ್ಲಿ ಉತ್ತರಿಸಿದ್ದೇವೆ. ಲೆಕ್ಕಗಳೆಲ್ಲ ಸೆಸ್ನಾ 172ಎಸ್ ವಿಮಾನದವು. ಬಾಡಿಗೆಗೆ ಸುಲಭವಾಗಿ ಸಿಗುವ ವಿಮಾನಗಳಲ್ಲಿ ಅದೂ ಒಂದು.

ಪ್ರಶ್ನೆ: ಜಕ್ಕೂರಿನಲ್ಲಿ ಕಲಿತು ಖಾಸಗಿ ಪೈಲಟ್ ಲೈಸೆನ್ಸ್ ಪಡೆದಿದ್ದೇನೆ. ಅದೇ ಲೈಸೆನ್ಸಿನಲ್ಲಿ ಆಸ್ಟ್ರೇಲಿಯಾದಲ್ಲಿ ಹಾರಿಸಬಹುದೇ? (ಓದುಗರು, ಯಲಹಂಕ)

ಉತ್ತರ: ನೇರವಾಗಿ ಆಗುವುದಿಲ್ಲ. ಅಲ್ಲಿನ ವಿಮಾನಯಾನ ಸುರಕ್ಷತಾ ಪ್ರಾಧಿಕಾರವಾದ ಕಾಸಾದಿಂದ ಮೊದಲು ಎ.ಆರ್.ಎನ್. ಎಂಬ ಗುರುತು ಸಂಖ್ಯೆ ಪಡೆಯಬೇಕು. ಆಮೇಲೆ ನಿಮ್ಮ ಡಿ.ಜಿ.ಸಿ.ಎ. ಲೈಸೆನ್ಸಿಗೆ ಮಾನ್ಯತಾ ಪತ್ರ ಕೇಳಿ ಅರ್ಜಿ ಹಾಕಬೇಕು. ಲೈಸೆನ್ಸ್, ಮೆಡಿಕಲ್, ಇಂಗ್ಲಿಷ್ ಪ್ರಾವೀಣ್ಯದ ದಾಖಲೆ ಎಲ್ಲವೂ ಚಾಲ್ತಿಯಲ್ಲಿರಬೇಕು. ಭಾರತದಿಂದ ಲೈಸೆನ್ಸ್ ದೃಢೀಕರಣ ಬರುವುದಕ್ಕೆ ಸಮಯ ಹಿಡಿಯುತ್ತದೆ, ಹಾಗಾಗಿ ವಿಮಾನದ ಟಿಕೆಟ್ ಕಾಯ್ದಿರಿಸುವ ಮೊದಲೇ ಈ ಕೆಲಸಕ್ಕೆ ಕೈಹಾಕಿ. ಆಲಿಸ್ ಸ್ಪ್ರಿಂಗ್ಸ್, ಬ್ರೂಮ್‌ನಂಥ ಭದ್ರತಾ ನಿಯಂತ್ರಣದ ನಿಲ್ದಾಣಗಳಲ್ಲಿ ವಿಮಾನದ ಹತ್ತಿರ ಓಡಾಡಲು ಏಸಿಕ್ ಎಂಬ ಗುರುತಿನ ಚೀಟಿ ಬೇಕು. ಅದಕ್ಕೂ ವಾರಗಟ್ಟಲೆ ಕಾಯಬೇಕಾಗುತ್ತದೆ.

ಕಾಗದಪತ್ರಕ್ಕಿಂತ ದೊಡ್ಡ ವ್ಯತ್ಯಾಸ ಹಾರಾಟದ ರೀತಿಯಲ್ಲಿದೆ. ಇಲ್ಲಿ ಪ್ರತಿ ಹಾರಾಟಕ್ಕೂ ಎ.ಡಿ.ಸಿ., ಎಫ್.ಐ.ಸಿ. ಎಂಬ ಅನುಮತಿ ಸಂಖ್ಯೆಗಳನ್ನು ಪಡೆದು, ಟವರ್ ಹೇಳಿದಂತೆ ಹೋಗಿಬರುವುದು ರೂಢಿ. ಅಲ್ಲಿ ಒಳನಾಡಿನ ಆಕಾಶದ ಬಹುಪಾಲು ನಿಯಂತ್ರಣವಿಲ್ಲದ ಜಿ ವರ್ಗದ್ದು. ಯಾರ ಅನುಮತಿಯೂ ಬೇಡ, ನಿಮ್ಮನ್ನು ಯಾರೂ ನೋಡಿಕೊಳ್ಳುತ್ತಲೂ ಇರುವುದಿಲ್ಲ. ಹಾಗಾಗಿ ಸ್ಥಳೀಯ ಬೋಧಕರೊಬ್ಬರ ಜೊತೆ ಒಂದೆರಡು ದಿನ ಹಾರಿ. ಅದರಲ್ಲಿ ಒಂದು ಹಾರಾಟವಾದರೂ ಟವರ್ ಇಲ್ಲದ ಮಣ್ಣಿನ ಸ್ಟ್ರಿಪ್‌ಗೆ, ಅಂದರೆ ಕಚ್ಚಾ ರನ್‌ವೇಗೆ ಇರಲಿ.

ಪ್ರಶ್ನೆ: ಮಕ್ಕಳ ಶಾಲೆಗೆ ರಜೆ ಸಿಗುವುದು ಡಿಸೆಂಬರ್ ಕೊನೆಯಲ್ಲಿ. ಆಗ ಹೋಗಬಹುದೇ? (ಓದುಗರು, ಮೆಲ್ಬರ್ನ್)

ಉತ್ತರ: ಬೇಡ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೋಗಿ. ಡಿಸೆಂಬರ್‌ನಲ್ಲಿ ಮರುಭೂಮಿಯ ಅಂಚಿನ ಊರಾದ ಬರ್ಡ್ಸ್‌ವಿಲ್ ಸುತ್ತ 45 ಡಿಗ್ರಿ ಸೆಲ್ಸಿಯಸ್ ಅಪರೂಪವೇನಲ್ಲ, ಉತ್ತರದಲ್ಲಿ ಮಳೆಗಾಲ ಮತ್ತು ಚಂಡಮಾರುತಗಳ ಕಾಲ.

ಬಿಸಿಗಾಳಿ ತೆಳು. ತೆಳುಗಾಳಿಯಲ್ಲಿ ರೆಕ್ಕೆ, ಪ್ರೊಪೆಲರ್, ಎಂಜಿನ್ ಮೂರೂ ಸೊರಗುತ್ತವೆ. ಬರ್ಡ್ಸ್‌ವಿಲ್ ನಿಲ್ದಾಣ ಸಮುದ್ರಮಟ್ಟದಿಂದ ಕೇವಲ 159 ಅಡಿ ಎತ್ತರದಲ್ಲಿದ್ದರೂ 45 ಡಿಗ್ರಿಯಲ್ಲಿ ವಿಮಾನದ ಪಾಲಿಗೆ ಅದು ಸುಮಾರು 3800 ಅಡಿಯ ನಿಲ್ದಾಣ. 1789 ಅಡಿಯ ಆಲಿಸ್ ಸ್ಪ್ರಿಂಗ್ಸ್ 40 ಡಿಗ್ರಿಯಲ್ಲಿ ಸುಮಾರು 5200 ಅಡಿ ಆಗುತ್ತದೆ. ಲೆಕ್ಕ ಸುಲಭ: ಆ ಎತ್ತರದಲ್ಲಿ ಇರಬೇಕಾದ ಪ್ರಮಾಣಿತ ಉಷ್ಣತೆಗಿಂತ ಹೆಚ್ಚಾದ ಪ್ರತಿ ಡಿಗ್ರಿಗೆ 120 ಅಡಿ ಕೂಡಿಸುತ್ತಾ ಹೋಗಿ. ಬೆಂಗಳೂರಿನವರಿಗೆ ಇದು ಹೊಸದಲ್ಲ. ಸುಮಾರು 3000 ಅಡಿ ಎತ್ತರದ ಜಕ್ಕೂರು 30 ಡಿಗ್ರಿಯ ಮಧ್ಯಾಹ್ನದಲ್ಲಿ ಹೆಚ್ಚುಕಡಿಮೆ 5500 ಅಡಿಯಂತೆ ವರ್ತಿಸುತ್ತದೆ. ಕಷ್ಟಪಡಬೇಕಾದವರು ಸಮುದ್ರದ ಮಗ್ಗುಲಿನ ಊರುಗಳಲ್ಲಿ ಕಲಿತವರು.

ಚಳಿಗಾಲದಲ್ಲೂ ಬೆಳಿಗ್ಗೆ ಹನ್ನೊಂದರ ಒಳಗೆ ದಿನದ ಹಾರಾಟ ಮುಗಿಸಿದರೆ ಒಳ್ಳೆಯದು. ನೆಲ ಕಾಯುತ್ತಿದ್ದಂತೆ ಬಿಸಿಗಾಳಿಯ ಅಲೆಗಳು ಮೇಲೇಳುತ್ತವೆ. ಹಿಂದಿನ ಸೀಟಿನವರು ವಾಂತಿ ಮಾಡಿಕೊಳ್ಳುವುದು ಆವಾಗಲೇ. ಹದ್ದುಗಳೂ ಪೆಲಿಕನ್ನುಗಳೂ ಅದೇ ಅಲೆಗಳ ಮೇಲೆ ನಿಮ್ಮ ಎತ್ತರಕ್ಕೆ ಏರಿ ಬರುತ್ತವೆ.

ಪ್ರಶ್ನೆ: ನಾವು ನಾಲ್ಕು ಜನ. 172ರಲ್ಲಿ ನಾಲ್ಕು ಸೀಟಿವೆ. ಬರ್ಡ್ಸ್‌ವಿಲ್‌ನಿಂದ ವಿಲಿಯಂ ಕ್ರೀಕ್‌ಗೆ ಪೆಟ್ರೋಲು ಎಷ್ಟು ಹಾಕಿಸಬೇಕು? (ಓದುಗರು, ಸಿಡ್ನಿ)

ಉತ್ತರ: ಮೊದಲು ಪೆಟ್ರೋಲು, ಆಮೇಲೆ ಜನ. ಈ ಕ್ರಮ ತಿರುಗುಮುರುಗು ಮಾಡಿದವರೇ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಸರೋವರದ ಆಚೀಚೆ ಇರುವ ಈ ಎರಡು ಊರುಗಳ ನೇರ ದೂರ ಸುಮಾರು 240 ನಾಟಿಕಲ್ ಮೈಲಿ, ಅಂದರೆ 445 ಕಿ.ಮೀ. (ಮುಂದೆ ಬರೀ ‘ಮೈಲಿ’ ಎಂದರೂ ನಾಟಿಕಲ್ ಮೈಲಿಯೇ.) ವಿಮಾನದ ವೇಗ 115 ನಾಟ್, ಅಂದರೆ ಗಂಟೆಗೆ 115 ನಾಟಿಕಲ್ ಮೈಲಿ ಎಂದಿಟ್ಟುಕೊಂಡು, ಎದುರುಗಾಳಿಗೆ 15 ಕಳೆಯಿರಿ. ಉಳಿಯುವುದು 100 ನಾಟ್. ಹಾರಾಟ 2 ಗಂಟೆ 24 ನಿಮಿಷ. ಗಂಟೆಗೆ 38 ಲೀಟರ್ ಲೆಕ್ಕದಲ್ಲಿ 91 ಲೀಟರ್. ಎಂಜಿನ್ ಶುರು, ಟ್ಯಾಕ್ಸಿ ಮತ್ತು ಮೇಲೇರುವುದಕ್ಕೆ 8 ಲೀಟರ್ ಸೇರಿಸಿ. ಹಗಲಿನ ಹಾರಾಟದಲ್ಲಿ ಇಳಿಯುವಾಗ ಮುಟ್ಟದೆ ಉಳಿದಿರಬೇಕಾದ 30 ನಿಮಿಷದ ಮೀಸಲು 19 ಲೀಟರ್. ಒಟ್ಟು 118.

ಇಷ್ಟಕ್ಕೆ ನಿಲ್ಲಿಸಬೇಡಿ. ವಿಲಿಯಂ ಕ್ರೀಕ್ ತಲುಪಿದಾಗ ಸ್ಟ್ರಿಪ್ ಒದ್ದೆಯಾಗಿರಬಹುದು, ಬೇರೊಂದು ವಿಮಾನ ಟಯರ್ ಒಡೆದು ನಡುವೆ ನಿಂತಿರಬಹುದು. ಅಲ್ಲಿಂದ ಡಾಂಬರು ರನ್‌ವೇ ಇರುವ ಕೂಬರ್ ಪೀಡಿಗೆ ಇನ್ನೂ 85 ಮೈಲಿ, 32 ಲೀಟರ್. ಈಗ 150 ಆಯಿತು. 172ಎಸ್‌ನಲ್ಲಿ ಬಳಕೆಗೆ ಸಿಗುವುದು 200 ಲೀಟರ್. ಉಳಿದ 50 ಲೀಟರನ್ನು ಹೆಚ್ಚುವರಿ ಎಂದು ಭಾವಿಸಿ ಬಿಟ್ಟುಹೋಗಬೇಡಿ. ಮುನ್ಸೂಚನೆಗಿಂತ ಜೋರಾದ ಗಾಳಿ, ಮೋಡ ಬಳಸಿ ಹೋಗುವ ಸುತ್ತು, ಗಾಳಿ–ಪೆಟ್ರೋಲಿನ ಮಿಶ್ರಣವನ್ನು (ಮಿಕ್ಸ್ಚರ್) ಸರಿಯಾಗಿ ತೆಳುಮಾಡದ ನಿಮ್ಮ ಕೈ, ಎಲ್ಲಕ್ಕೂ ಅದೇ ಬೇಕು. ಗೇಜನ್ನು ನಂಬಬೇಡಿ. ವಿಮಾನವನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ಅಳತೆಕೋಲು ಅದ್ದಿ ನೋಡಿ. ಇಳಿಜಾರಿನಲ್ಲಿ ನಿಂತ ವಿಮಾನಕ್ಕೆ ‘ಫುಲ್ ಟ್ಯಾಂಕ್’ ಹಾಕಿಸಿದರೂ ಅದು ಪೂರ್ತಿ ತುಂಬಿರುವುದಿಲ್ಲ.

ಈ ನೇರ ಗೆರೆ ಸರೋವರದ ಉತ್ತರ ಭಾಗದ ಮೇಲೆಯೇ ಹಾಯುತ್ತದೆ. ನೀರು, ಮರಳುದಿಬ್ಬ ತಪ್ಪಿಸಿ ಬರ್ಡ್ಸ್‌ವಿಲ್ ಟ್ರ್ಯಾಕ್ ಹಿಡಿದು ಮಾರ್ರಿ, ಅಲ್ಲಿಂದ ಊಡ್ನಡಾಟಾ ಟ್ರ್ಯಾಕ್ ಹಿಡಿದು ವಿಲಿಯಂ ಕ್ರೀಕ್ ಎಂದು ಹೋದರೆ 335 ಮೈಲಿ. ಇದೇ ಲೆಕ್ಕದಲ್ಲಿ ಸುಮಾರು 186 ಲೀಟರ್, ಅಂದರೆ ಟ್ಯಾಂಕಿನ ತಳ ಕಾಣುತ್ತದೆ. ಹಾಗಿದ್ದರೂ ಒಂದೇ ಎಂಜಿನ್ನಿಗೆ ನಾವು ಹೇಳುವುದು ಈ ದಾರಿಯನ್ನೇ. ಕೆಳಗೆ ರಸ್ತೆಯಿದೆ, ಅಲ್ಲೊಂದು ಇಲ್ಲೊಂದು ವಾಹನವಿದೆ, ನಡುವೆ ಮುಂಗರಾನಿಯಲ್ಲಿ ಸ್ಟ್ರಿಪ್ ಇದೆ. ಮಾರ್ರಿಯಲ್ಲಿ ಇಳಿದು ತುಂಬಿಸಿಕೊಳ್ಳಿ. ಎವ್‌ಗ್ಯಾಸ್ (ಈ ವಿಮಾನಗಳ ಪೆಟ್ರೋಲು) ಇದೆಯೇ, ಯಾವ ಕಾರ್ಡ್ ನಡೆಯುತ್ತದೆ ಎಂದು ಹಿಂದಿನ ದಿನವೇ ಫೋನಿನಲ್ಲಿ ಕೇಳಿ. ‘ಇರುತ್ತದೆ’ ಎಂದರೆ ಸಾಲದು, ‘ಈಗ ಇದೆ’ ಎಂದು ಹೇಳಿಸಿಕೊಳ್ಳಿ.

ಇನ್ನು ಜನ. ಗರಿಷ್ಠ ತೂಕ 1157 ಕೆ.ಜಿ. ಬಾಡಿಗೆ ವಿಮಾನದ ಖಾಲಿ ತೂಕ ಸುಮಾರು 775 ಎಂದುಕೊಳ್ಳಿ. ನಿಖರ ಅಂಕಿ ಆಯಾ ವಿಮಾನದ ತೂಕಪತ್ರದಲ್ಲಿರುತ್ತದೆ. ಪೆಟ್ರೋಲು ಲೀಟರಿಗೆ 0.72 ಕೆ.ಜಿ.ಯಂತೆ 144. ಉಳಿಯುವುದು 238. ತಲಾ 85 ಕೆ.ಜಿ.ಯ ಇಬ್ಬರು, 20 ಲೀಟರ್ ನೀರು, ತುರ್ತು ಪೆಟ್ಟಿಗೆ ಮತ್ತು ಕಟ್ಟುವ ಹಗ್ಗ–ಗೂಟ 15 ಕೆ.ಜಿ., ಬಟ್ಟೆ ಚೀಲ ಎರಡು. ಅಲ್ಲಿಗೆ ಮುಗಿಯಿತು. ನಾಲ್ಕು ಜನರಿಗೆ 230 ಕುದುರೆಶಕ್ತಿಯ ಸೆಸ್ನಾ 182 ಅಥವಾ ಅದಕ್ಕೂ ದೊಡ್ಡ 206 ನೋಡಿ. ಇಲ್ಲವೇ ಎರಡು 172 ಪಡೆಯಿರಿ. ಎರಡು ವಿಮಾನ ಜೊತೆಗಿದ್ದರೆ ಒಂದು ಇಳಿದರೂ ಇನ್ನೊಂದು ಮೇಲಿಂದ ರೇಡಿಯೊದಲ್ಲಿ ಸುದ್ದಿ ಮುಟ್ಟಿಸುತ್ತದೆ.

ಪ್ರಶ್ನೆ: ಕೆಲವು ಕಡೆ ಡ್ರಮ್‌ನಿಂದ ಪೆಟ್ರೋಲು ತುಂಬಿಸಬೇಕಂತೆ. ಅದು ಸುರಕ್ಷಿತವೇ? (ಓದುಗರು, ಹುಬ್ಬಳ್ಳಿ)

ಉತ್ತರ: ಸರಿಯಾಗಿ ಮಾಡಿದರೆ ಸುರಕ್ಷಿತ. 200 ಲೀಟರಿನ ಡ್ರಮ್ ನೆಟ್ಟಗೆ ನಿಂತಿದ್ದರೆ ಮಳೆನೀರು ಮೇಲ್ಮುಚ್ಚಳದ ಮೇಲೆ ನಿಲ್ಲುತ್ತದೆ. ಹಗಲಿನ ಬಿಸಿಗೆ ಒಳಗಿನ ಆವಿ ಹಿಗ್ಗಿ ಹೊರಬರುತ್ತದೆ, ರಾತ್ರಿ ತಣಿದಾಗ ಬಿರಡೆಯ ಸಂದಿನಿಂದ ಆ ನೀರನ್ನೇ ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ಡ್ರಮ್ಮನ್ನು ಮಲಗಿಸಿ, ಎರಡು ಬಿರಡೆಗಳೂ ಗಡಿಯಾರದ 3 ಮತ್ತು 9ರ ಜಾಗದಲ್ಲಿರುವಂತೆ ಇಡುವುದು ಪದ್ಧತಿ. ಹಾಗೆ ಇಟ್ಟಿರದ ಡ್ರಮ್ಮನ್ನು ಅನುಮಾನದಿಂದಲೇ ನೋಡಿ.

ತುಂಬಿಸುವ ಮೊದಲು ಡ್ರಮ್ಮನ್ನು ಎತ್ತಿ ನಿಲ್ಲಿಸಿ, ಒಂದು ಬದಿಗೆ ತುಸು ವಾಲಿಸಿ, ಅರ್ಧ ಗಂಟೆಯಾದರೂ ಬಿಡಿ. ನೀರೂ ಕಸವೂ ತಗ್ಗಿನ ಬದಿಗೆ ಇಳಿಯುತ್ತವೆ. ಪಂಪಿನ ಕೊಳವೆ ಎತ್ತರದ ಬದಿಯಲ್ಲಿರಲಿ, ತಳ ಮುಟ್ಟದಿರಲಿ. ಕೊನೆಯ ಕೆಲವು ಲೀಟರು ಡ್ರಮ್ಮಿನಲ್ಲೇ ಉಳಿಯುತ್ತದೆ. ಅದಕ್ಕೂ ದುಡ್ಡು ಕೊಟ್ಟಿದ್ದೀರಿ ಎಂಬ ಸಂಕಟಕ್ಕೆ ಬಲಿಯಾಗಬೇಡಿ. ಡ್ರಮ್, ಪಂಪ್, ವಿಮಾನ ಮೂರನ್ನೂ ಅರ್ಥಿಂಗ್ ತಂತಿಯಿಂದ ಜೋಡಿಸಿ, ಒಣಹವೆಯಲ್ಲಿ ಸ್ಥಿರವಿದ್ಯುತ್ತಿನ ಕಿಡಿ ಬಲು ಬೇಗ ಹಾರುತ್ತದೆ. ನೀರು ತಡೆಯುವ ಜಾಲರಿಯ ಆಲಿಕೆ ಬಳಸಿ. ಡ್ರಮ್ಮಿನ ಮೇಲೆ ಬರೆದದ್ದು ಎವ್‌ಗ್ಯಾಸ್ ಎಂದೇ, ತುಂಬಿದ ದಿನಾಂಕ ಯಾವುದು, ಸೀಲು ಒಡೆದಿಲ್ಲವೇ ನೋಡಿ. ಪಕ್ಕದಲ್ಲೇ ಜೆಟ್ ಎ-1 ಡ್ರಮ್ಮುಗಳೂ ಇರುತ್ತವೆ. 100ಎಲ್‌ಎಲ್ ಎಂಬ ಎವ್‌ಗ್ಯಾಸ್ ತಿಳಿನೀಲಿ, ಜೆಟ್ ಇಂಧನಕ್ಕೆ ಸೀಮೆಎಣ್ಣೆಯ ವಾಸನೆ. ಹತ್ತು ನಿಮಿಷ ಬಿಟ್ಟು ರೆಕ್ಕೆಯಡಿಯ ಡ್ರೇನ್‌ಗಳೆಲ್ಲದರಿಂದಲೂ ಮಾದರಿ ತೆಗೆದು ನೋಡಿ.

ಪ್ರಶ್ನೆ: ಮಣ್ಣಿನ ಸ್ಟ್ರಿಪ್ ಇಳಿಯಲು ಯೋಗ್ಯವೋ ಅಲ್ಲವೋ ಎಂದು ಮೇಲಿಂದ ಗೊತ್ತಾಗುತ್ತದೆಯೇ? (ಓದುಗರು, ಧಾರವಾಡ)

ಉತ್ತರ: ಅರ್ಧ ಮಾತ್ರ ಗೊತ್ತಾಗುತ್ತದೆ. ಉಳಿದರ್ಧ ಫೋನಿನಲ್ಲಿ. ಎರ್ಸಾ ಎಂಬ ಕೈಪಿಡಿಯಲ್ಲಿ ನಿಲ್ದಾಣಗಳ ಉದ್ದ, ಮೇಲ್ಮೈ, ರೇಡಿಯೊ ಆವರ್ತನ, ಸಂಪರ್ಕ ಸಂಖ್ಯೆ ಇರುತ್ತವೆ. ಬಹಳಷ್ಟು ಸ್ಟ್ರಿಪ್‌ಗಳು ದನ ಸಾಕುವ ದೊಡ್ಡ ಜಮೀನುಗಳ (ಸ್ಟೇಷನ್) ಖಾಸಗಿ ಆಸ್ತಿ, ಮೂಲನಿವಾಸಿಗಳ ಜಮೀನಿನಲ್ಲಿರುವುದಕ್ಕೆ ಪರ್ಮಿಟ್ ಬೇಕು. ಮೊದಲೇ ಕರೆ ಮಾಡಿ ಅನುಮತಿ ಕೇಳುವಾಗಲೇ ಕೊನೆಯ ಮಳೆ ಯಾವತ್ತು ಬಂತು, ಎಷ್ಟು ಬಂತು ಎಂದು ವಿಚಾರಿಸಿ. ಅಲ್ಲಿನ ಜೇಡಿಮಣ್ಣು ನಮ್ಮ ಉತ್ತರ ಕರ್ನಾಟಕದ ಎರೆಹೊಲದ ಹಾಗೆ: ಮೇಲೆ ಒಣಗಿ ಬಿರುಕು ಬಿಟ್ಟು ಗಟ್ಟಿ ಕಂಡರೂ ಒಳಗೆ ಅಂಟು. ಮೇಲಿಂದ ನೋಡಿದರೆ ಬಣ್ಣ ತುಸು ಕಪ್ಪಾಗಿರುವ ತೇಪೆಗಳೇ ಆ ಜಾಗ.

ತಲುಪಿದ ಮೇಲೆ ಮೊದಲು ಸ್ಟ್ರಿಪ್ಪಿನ ಮೇಲೆ, ಇಳಿಯುವ ವಿಮಾನಗಳು ನಿಲ್ದಾಣ ಸುತ್ತುವ ಸರ್ಕ್ಯೂಟ್ ಎತ್ತರಕ್ಕಿಂತ 500 ಅಡಿ ಮೇಲಿಂದ ಹಾದು ಗಾಳಿಚೀಲ ನೋಡಿ. ಗಾಳಿಚೀಲ ಹರಿದುಹೋಗಿದ್ದರೆ ಧೂಳು, ದನದ ನೀರಿನ ಕೊಳದ ಅಲೆ ನೋಡಿದರೂ ದಿಕ್ಕು ತಿಳಿಯುತ್ತದೆ. ಬೆಳಗಿನ ಮತ್ತು ಸಂಜೆಯ ಹೊತ್ತು ಕಾಂಗರೂ, ಎಮು, ದನ ಸ್ಟ್ರಿಪ್ ಮೇಲೆ ಇರುತ್ತವೆ. ಕಾಂಗರೂ ಸದ್ದಿಗೆ ಓಡುತ್ತದೆ, ಆದರೆ ಯಾವ ಕಡೆಗೆ ಎಂಬುದು ಅದಕ್ಕೂ ತಿಳಿದಿರುವುದಿಲ್ಲ. ಇಳಿಯುವಾಗ ಮೂಗಿನ ಚಕ್ರವನ್ನು ಆದಷ್ಟು ಹೊತ್ತು ಎತ್ತಿ ಹಿಡಿಯಿರಿ, ಬ್ರೇಕ್ ಕಡಿಮೆ ಒತ್ತಿ.

ಹೊರಡುವಾಗ ಜಲ್ಲಿಯೇ ಶತ್ರು. ನಿಂತಲ್ಲೇ ಎಂಜಿನ್ ವೇಗ ಏರಿಸಿದರೆ ಪ್ರೊಪೆಲರ್ ಕಲ್ಲುಗಳನ್ನು ಹೀರಿಕೊಂಡು ಅಂಚು ಕಚ್ಚಿಸಿಕೊಳ್ಳುತ್ತದೆ, ಬಾಲದ ರೆಕ್ಕೆಗೂ ಹೊಡೆತ ಬೀಳುತ್ತದೆ. ಆ ಕಚ್ಚಿನಿಂದ ಬಿರುಕು ಶುರುವಾಗುತ್ತದೆ. ಎಂಜಿನ್ ಪರೀಕ್ಷೆಯನ್ನು ಗಟ್ಟಿ ನೆಲದಲ್ಲಿ ಮುಗಿಸಿ, ಹಾರಿಸುವ ಹಿಡಿಯಾದ ಯೋಕ್ ಹಿಂದಕ್ಕೆಳೆದು, ವಿಮಾನ ಉರುಳತೊಡಗಿದ ಮೇಲೆ ನಿಧಾನವಾಗಿ ಥ್ರಾಟಲ್ ಕೊಡಿ. ಚಕ್ರದ ಮೇಲಿನ ಕವಚಗಳನ್ನು ಪ್ರವಾಸಕ್ಕೆ ಮುಂಚೆಯೇ ಬಿಚ್ಚಿಸಿಬಿಡುವುದು ಒಳ್ಳೆಯದು, ಅದರೊಳಗೆ ಕೆಸರು ತುಂಬಿ ಒಣಗಿದರೆ ಚಕ್ರ ಕಚ್ಚಿಕೊಳ್ಳುತ್ತದೆ. ವಿಮಾನದ ಕೈಪಿಡಿಯಲ್ಲಿ ಒಣ ಹುಲ್ಲಿಗೆ ನೆಲದ ಓಟದ ಶೇ 15 ಕೂಡಿಸಿ ಎಂದಿದೆ. ಮೆತ್ತನೆ ಮಣ್ಣಿಗೆ ಅಂಕಿಯೇ ಇಲ್ಲ. ಸ್ಟ್ರಿಪ್ಪಿನ ಅರ್ಧ ದಾಟುವಷ್ಟರಲ್ಲಿ ಏಳುವ ವೇಗದ ಶೇ 70 ಬಂದಿಲ್ಲವಾದರೆ ನಿಲ್ಲಿಸಿ.

ಒದ್ದೆ ಸ್ಟ್ರಿಪ್ಪಿನಲ್ಲಿ ಇಳಿದು ಗಾಲಿಯ ಗೀರು ಬಿಟ್ಟು ಹೋಗುವುದು ಬರೀ ಅವಿವೇಕವಲ್ಲ. 1928ರಲ್ಲಿ ಕ್ಲೋನ್‌ಕರಿಯಿಂದ ಶುರುವಾದ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸೇವೆ ಇಂದಿಗೂ ರೋಗಿಗಳನ್ನು ಒಯ್ಯುವುದು ಇವೇ ಸ್ಟ್ರಿಪ್‌ಗಳಿಂದ. ಗೀರು ಒಣಗಿದರೆ ಕಲ್ಲಿನಂಥ ಹಳ್ಳ. ಆ ರಾತ್ರಿ ಅಲ್ಲಿ ಇಳಿಯಬೇಕಾದ ವಿಮಾನ ಇಳಿಯಲಾರದು.

ಪ್ರಶ್ನೆ: ರೇಡಿಯೊದಲ್ಲಿ ಮಾತಾಡಿದರೆ ಯಾರೂ ಉತ್ತರ ಕೊಡುವುದಿಲ್ಲವಂತೆ, ನಿಜವೇ? (ಓದುಗರು, ಮೈಸೂರು)

ಉತ್ತರ: ನಿಜ, ಆದರೂ ಮಾತಾಡಬೇಕು. ಹತ್ತು ಮೈಲಿ ದೂರದಿಂದಲೇ ನಿಲ್ದಾಣದ ಹೆಸರು, ನಿಮ್ಮ ವಿಮಾನ, ಜಾಗ, ಎತ್ತರ, ಉದ್ದೇಶ ಹೇಳಿ, ಕೊನೆಯಲ್ಲಿ ನಿಲ್ದಾಣದ ಹೆಸರನ್ನು ಮತ್ತೊಮ್ಮೆ ಹೇಳಿ. ಒಂದೇ ಆವರ್ತನವನ್ನು ಹಲವು ಊರು ಹಂಚಿಕೊಂಡಿರುತ್ತವೆ, ಕೇಳುವವನಿಗೆ ಹೆಸರಿನಿಂದಲೇ ತಿಳಿಯಬೇಕು. ಪ್ರತ್ಯೇಕ ಆವರ್ತನ ಕೊಟ್ಟಿರದ ಕಡೆ 126.7 ಮೆಗಾಹರ್ಟ್ಸ್. ದನ ಅಟ್ಟುವ ಹೆಲಿಕಾಪ್ಟರುಗಳು ತೀರ ಕೆಳಗೆ ಹಾರುತ್ತಿರುತ್ತವೆ, ಅವು ನಿಮ್ಮ ಮಾತು ಕೇಳಿಸಿಕೊಳ್ಳುತ್ತಿವೆ ಎಂದು ನಂಬಿಕೊಳ್ಳಬೇಡಿ.

ವಿಮಾನದ ರೇಡಿಯೊದ ವಿ.ಎಚ್.ಎಫ್. ಅಲೆ ನೇರ ನೋಟದಲ್ಲೇ ಸಾಗುತ್ತದೆ. 1000 ಅಡಿಯಲ್ಲಿ ಸುಮಾರು 39 ಮೈಲಿ, 8500 ಅಡಿಯಲ್ಲಿ ಸುಮಾರು 113 ಮೈಲಿ. ಆದ್ದರಿಂದ ಎತ್ತರದಲ್ಲಿ ಹಾರುವುದೇ ಒಂದು ಭದ್ರತೆ. 5000 ಅಡಿಯ ಮೇಲೆ ಪೂರ್ವದ ಕಡೆಗೆ ಬೆಸ ಸಾವಿರಕ್ಕೆ 500 ಕೂಡಿಸಿ, ಪಶ್ಚಿಮದ ಕಡೆಗೆ ಸಮ ಸಾವಿರಕ್ಕೆ 500 ಕೂಡಿಸಿ ಹಾರಬೇಕು.

ಹೊರಡುವ ಮುನ್ನ ಸಾರ್‌ಟೈಮ್ ನೋಂದಾಯಿಸಿ. ಆ ಹೊತ್ತಿನೊಳಗೆ ನೀವು ‘ತಲುಪಿದೆ’ ಎನ್ನದಿದ್ದರೆ ಹುಡುಕಾಟ ಶುರು. ಆ ಗಡುವು ಕತ್ತಲೆಗೆ ಎರಡು ಮೂರು ಗಂಟೆ ಮೊದಲೇ ಮುಗಿಯುವಂತಿರಲಿ, ಹುಡುಕುವವರಿಗೂ ಬೆಳಕು ಬೇಕು. ಬಹುಪಾಲು ತಪ್ಪಾಗುವುದು ಇಳಿದ ಮೇಲೆ. ಮೊಬೈಲ್ ಸಿಗ್ನಲ್ ಇಲ್ಲ, ಬಿಯರ್ ತಣ್ಣಗಿದೆ, ಸಾರ್‌ಟೈಮ್ ರದ್ದು ಮಾಡುವುದು ಮರೆತುಹೋಗುತ್ತದೆ. ಸ್ಯಾಟಲೈಟ್ ಫೋನ್ ಬಾಡಿಗೆಗೆ ಪಡೆಯಲು ಇದೊಂದೇ ಕಾರಣ ಸಾಕು.

ಸಮಯದ ಬಗ್ಗೆ ಎಚ್ಚರ: ಯೋಜನೆಯೆಲ್ಲ ಜಾಗತಿಕ ಪ್ರಮಾಣಿತ ಸಮಯವಾದ ಯು.ಟಿ.ಸಿ.ಯಲ್ಲಿ. ಬರ್ಡ್ಸ್‌ವಿಲ್ ಅದಕ್ಕಿಂತ 10 ಗಂಟೆ ಮುಂದೆ, ಗಡಿಯಾಚೆಯ ವಿಲಿಯಂ ಕ್ರೀಕ್ ಚಳಿಗಾಲದಲ್ಲಿ 9.30 ಗಂಟೆ ಮುಂದೆ. ಕೊನೆಯ ಬೆಳಕಿಗೆ ಕನಿಷ್ಠ 10 ನಿಮಿಷ ಮೊದಲು ತಲುಪುವಂತೆ ಹೊರಡಬೇಕು ಎಂಬುದು ನಿಯಮ. ಒಂದು ಗಂಟೆ ಮೊದಲು ಎಂಬುದು ನಮ್ಮ ನಿಯಮ.

ಪ್ರಶ್ನೆ: ಲೇಕ್ ಏರ್ ಮೇಲೆ ಹಾರುವುದು ಅಪಾಯ ಎನ್ನುತ್ತಾರೆ. ಬೆಟ್ಟವಿಲ್ಲ, ಗುಡ್ಡವಿಲ್ಲ, ಅಪಾಯ ಎಲ್ಲಿಂದ? (ಓದುಗರು, ಅಡಿಲೇಡ್)

ಉತ್ತರ: ಏನೂ ಇಲ್ಲದಿರುವುದೇ ಅಪಾಯ. ಬಿಳಿ ಉಪ್ಪು, ಅದರ ಮೇಲೆ ಗೇಣುದ್ದವೂ ಇಲ್ಲದ ಅಲುಗಾಡದ ನೀರು, ನೀರಿನೊಳಗೆ ಆಕಾಶ. ಮೇಲೂ ಅದೇ ಬಣ್ಣ, ಕೆಳಗೂ ಅದೇ ಬಣ್ಣ, ನಡುವೆ ದಿಗಂತದ ಗೆರೆಯೇ ಅಳಿಸಿಹೋಗಿರುತ್ತದೆ. ಹವಾಮಾನ ವರದಿಯಲ್ಲಿ ‘ನಿರ್ಮಲ ಆಕಾಶ’ ಎಂದೇ ಇರುತ್ತದೆ. ಫೋಟೊ ತೆಗೆಯಲು ಒಂದು ರೆಕ್ಕೆ ಬಾಗಿಸಿದ ಪೈಲಟ್ಟಿಗೆ ಅದನ್ನು ಸಮ ಮಾಡಲು ಹೊರಗೆ ಆಧಾರ ಸಿಗುವುದಿಲ್ಲ. ಕಿವಿಯೊಳಗಿನ ಸಮತೋಲನದ ಅಂಗ ನಿಧಾನವಾದ ತಿರುವನ್ನು ಗುರುತಿಸುವುದೇ ಇಲ್ಲ. 2011ರ ಆಗಸ್ಟ್ 18ರ ಕತ್ತಲೆಯಲ್ಲಿ ಸರೋವರದ ಬಳಿಯಿಂದ ಎದ್ದ ಎ.ಬಿ.ಸಿ. ಸುದ್ದಿಸಂಸ್ಥೆಯ ಹೆಲಿಕಾಪ್ಟರ್ ನೆಲಕ್ಕಪ್ಪಳಿಸಿ ಮೂವರು ಸತ್ತರು. ತನಿಖೆ ಬೊಟ್ಟು ಮಾಡಿದ್ದು ಇಂಥದೇ ದಿಕ್ಕುಗೇಡಿನ ಕಡೆಗೆ. ಅಲ್ಲಿ ಹೊರಗಿನ ಗುರುತುಗಳನ್ನು ನುಂಗಿದ್ದು ರಾತ್ರಿ, ಇಲ್ಲಿ ನುಂಗುವುದು ಬೆಳಕು.

ಹಾಗಾಗಿ ದಂಡೆ ಬಿಡಬೇಡಿ. ದಂಡೆ ಪೈಲಟ್ಟಿನ ಬದಿಯ ಕಿಟಕಿಯಲ್ಲಿ ಸದಾ ಕಾಣುತ್ತಿರಲಿ, ತಿರುಗುವುದಾದರೆ ದಂಡೆಯ ಕಡೆಗೇ ತಿರುಗಿ. ಬಾಗು 20 ಡಿಗ್ರಿ ಮೀರದಿರಲಿ. ಕನಿಷ್ಠ 1500 ಅಡಿ ಎತ್ತರ, ಒಳಕ್ಕೆ ಹೋಗುವುದಾದರೆ ಇನ್ನೂ ಹೆಚ್ಚು. ಫೋಟೊ ತೆಗೆಯುವವರು ಬೇರೆ, ಹಾರಿಸುವವರು ಬೇರೆ. ಕೃತಕ ದಿಗಂತದ ಗಡಿಯಾರವನ್ನು ಕೆಲವು ಸೆಕೆಂಡಿಗೊಮ್ಮೆ ನೋಡುವ ಅಭ್ಯಾಸ ಮೊದಲೇ ಇರಬೇಕು. ಸರೋವರದ ತಳ ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿದೆ, ಹಾಗಾಗಿ ಆಲ್ಟಿಮೀಟರ್ ಸೊನ್ನೆಗಿಂತ ಕೆಳಗೆ ಹೋಗುವುದೂ ಅಲ್ಲಿ ಸಾಧ್ಯ. ಅದನ್ನು ಪರೀಕ್ಷಿಸಲು ಹೋಗಬೇಡಿ.

ಎಂಜಿನ್ ನಿಂತರೆ? 172 ಸಾವಿರ ಅಡಿಗೆ ಒಂದೂವರೆ ಮೈಲಿ ತೇಲುತ್ತದೆ. 4500 ಅಡಿಯಿಂದ ಹೆಚ್ಚೆಂದರೆ ಏಳು ಮೈಲಿ. ಸರೋವರದ ಉತ್ತರ ಭಾಗವೊಂದೇ ಉದ್ದಕ್ಕೆ 144 ಕಿ.ಮೀ., ಅಗಲಕ್ಕೆ 77 ಕಿ.ಮೀ. 1964ರಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಗಂಟೆಗೆ 403 ಸಾಮಾನ್ಯ ಮೈಲಿ ವೇಗದಲ್ಲಿ ಕಾರು ಓಡಿಸಿ ದಾಖಲೆ ಬರೆದ ನೆಲ ಇದೇ ಎಂದು ಓದಿ ಗಟ್ಟಿ ಉಪ್ಪನ್ನು ನೆಚ್ಚಬೇಡಿ. ಅವರಿಗೂ ಹಿಂದಿನ ವರ್ಷ ಮಳೆ ಬಂದು ಎಲ್ಲ ಕೆಟ್ಟಿತ್ತು. ಪದರದಡಿ ಕೆಸರು, ಚಕ್ರ ಹೂತು ವಿಮಾನ ಮಗುಚುತ್ತದೆ. ನೀರು ತುಂಬಿದ್ದಾಗ ದಂಡೆಗೆ ತೇಲಿ ಸೇರಲಾಗದ ದೂರ ಹೋಗುವವರು ಲೈಫ್ ಜಾಕೆಟ್ ಇಟ್ಟುಕೊಳ್ಳಬೇಕು. ಮರುಭೂಮಿಯ ಪ್ರವಾಸದ ಪಟ್ಟಿಯಲ್ಲಿ ಅದು ವಿಚಿತ್ರವಾಗಿ ಕಂಡರೂ ಸರಿ.

ನೀರಿನ ವರ್ಷಗಳಲ್ಲಿ ವಿಹಾರದ ವಿಮಾನಗಳು ಸಾಲುಗಟ್ಟಿ ಬರುತ್ತವೆ. ಎಲ್ಲರೂ ಕೆಳಗೆ ನೋಡುತ್ತಿರುತ್ತಾರೆ. ಆ ಪ್ರದೇಶದ ಸಾಮಾನ್ಯ ಆವರ್ತನ ಎರ್ಸಾದಲ್ಲಿ ನೋಡಿಕೊಂಡು ನಿಮ್ಮ ಜಾಗವನ್ನು ಆಗಾಗ ಹೇಳುತ್ತಿರಿ. ದಕ್ಷಿಣಕ್ಕೆ, ಪಶ್ಚಿಮಕ್ಕೆ ವೂಮೆರಾದ ಸೇನಾ ಪರೀಕ್ಷಾ ವಲಯವಿದೆ. ಅದರ ಯಾವ ಭಾಗ ಯಾವಾಗ ನಿರ್ಬಂಧಿತ ಎಂಬುದು ಆಯಾ ದಿನ ಪೈಲಟ್ಟರಿಗೆ ಹೊರಡಿಸುವ ಸೂಚನೆಯಾದ ನೋಟಾಮ್‌ನಲ್ಲಿರುತ್ತದೆ. ಸರೋವರ ಅರಬಾನಾ ಜನರಿಗೆ ಪವಿತ್ರ. ಅನುಮತಿಯಿಲ್ಲದೆ ಅದರ ತಳಕ್ಕೆ ಇಳಿಯುವಂತಿಲ್ಲ.

ಪ್ರಶ್ನೆ: ಮರುಭೂಮಿಯಲ್ಲಿ ತುರ್ತಾಗಿ ಇಳಿದರೆ ನಡೆದು ಹೋಗಿ ಸಹಾಯ ಹುಡುಕಬೇಕೇ? ಏನೇನು ಇಟ್ಟುಕೊಂಡಿರಬೇಕು? (ಓದುಗರು, ಶಿವಮೊಗ್ಗ)

ಉತ್ತರ: ನಡೆಯಬೇಡಿ. ವಿಮಾನ ಮೇಲಿಂದ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ.

ಇಳಿಯುವ ಜಾಗದ ಮಾತು ಮೊದಲು. ಸಿಂಪ್ಸನ್ ಮರುಭೂಮಿಯ ಮರಳುದಿಬ್ಬಗಳು ವಾಯವ್ಯದಿಂದ ಆಗ್ನೇಯದ ಕಡೆಗೆ ಉದ್ದುದ್ದ ಸಾಲುಗಳಾಗಿವೆ. ಸಾಲುಗಳ ನಡುವಿನ ಓಣಿಯಲ್ಲಿ, ದಿಬ್ಬಕ್ಕೆ ಸಮಾನಾಂತರವಾಗಿ ಇಳಿಯಬೇಕು, ಗಾಳಿ ಅಡ್ಡ ಬಂದರೂ ಸರಿ. ದಿಬ್ಬಕ್ಕೆ ಎದುರಾಗಿ ಇಳಿದರೆ ಉಳಿಯುವುದು ಕಷ್ಟ.

ಅಪಾಯದ ಸಂಕೇತ ಕಳಿಸುವ ಬೀಕನ್ ಎರಡಿರಲಿ. ವಿಮಾನದೊಳಗಿನ ಇ.ಎಲ್.ಟಿ. ಬಡಿತಕ್ಕೆ ತಾನೇ ಚಾಲೂ ಆಗುತ್ತದೆ, ಆದರೆ ವಿಮಾನ ಮಗುಚಿದರೆ ಅದರ ಆಂಟೆನಾ ಮುರಿಯುತ್ತದೆ. ಇನ್ನೊಂದು ನಿಮ್ಮ ಜೇಬಿನಲ್ಲಿರುವ ಪಿ.ಎಲ್.ಬಿ. ಚೀಲದಲ್ಲಿ ಅಲ್ಲ, ಜೇಬಿನಲ್ಲೇ. 406 ಮೆಗಾಹರ್ಟ್ಸ್‌ನದು, ಜಿ.ಪಿ.ಎಸ್. ಇರುವುದೇ ಬೇಕು: ಜಿ.ಪಿ.ಎಸ್. ಇದ್ದರೆ ಸುಮಾರು 120 ಮೀಟರಿನೊಳಗೆ, ಇಲ್ಲದಿದ್ದರೆ ಸುಮಾರು 5 ಕಿ.ಮೀ. ಒಳಗೆ ಹುಡುಕಬೇಕಾಗುತ್ತದೆ. ಹಳೆಯ 121.5 ಮೆಗಾಹರ್ಟ್ಸ್ ಸಂಕೇತವನ್ನು ಉಪಗ್ರಹಗಳು ಕೇಳುವುದನ್ನು 2009ರ ಫೆಬ್ರುವರಿಯಲ್ಲೇ ನಿಲ್ಲಿಸಿವೆ, ಅದೀಗ ಹತ್ತಿರ ಬಂದವರು ಜಾಗ ಹಿಡಿಯಲು ಮಾತ್ರ. ಬೀಕನ್ ಅಲ್ಲಿನ ಕಡಲ ಸುರಕ್ಷತಾ ಸಂಸ್ಥೆಯಾದ ಆಮ್ಸಾದಲ್ಲಿ ನೋಂದಣಿಯಾಗಿರಬೇಕು. ಬಾಡಿಗೆ ಬೀಕನ್ನಾದರೆ ನೋಂದಣಿಯಲ್ಲಿರುವ ಮಾಲೀಕರಿಗೆ ನಿಮ್ಮ ದಾರಿ, ಜನರ ಸಂಖ್ಯೆ ಗೊತ್ತಿರಲಿ. ಮೊದಲ ಫೋನ್ ಹೋಗುವುದು ಅವರಿಗೇ.

ನೀರು ಒಬ್ಬರಿಗೆ ದಿನಕ್ಕೆ ಕನಿಷ್ಠ 5 ಲೀಟರ್, ಎರಡು ದಿನಕ್ಕೆ ಲೆಕ್ಕ ಹಾಕಿ. ಒಂದೇ ದೊಡ್ಡ ಕ್ಯಾನ್ ಬೇಡ, ಒಡೆದರೆ ಎಲ್ಲ ಹೋಯಿತು, ಐದು ಲೀಟರಿನ ನಾಲ್ಕು ಕ್ಯಾನ್ ಇರಲಿ. ನೆರಳಿಗೆ ಟಾರ್ಪಾಲಿನ್, ಬೆಳಕು ಮಿಂಚಿಸಲು ಕನ್ನಡಿ, ಬೆಂಕಿಪೊಟ್ಟಣ, ಚಾಕು, ಪ್ರಥಮ ಚಿಕಿತ್ಸೆ, ಅಗಲ ಟೋಪಿ, ನೊಣದ ಪರದೆ. ಜುಲೈ ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರ ಇಳಿಯುತ್ತದೆ, ಬೆಚ್ಚನೆ ಬಟ್ಟೆಯೂ ಬೇಕು. ಹಗಲು ರೆಕ್ಕೆಯ ನೆರಳಿನಲ್ಲಿ ಕುಳಿತಿರಿ, ಕ್ಯಾಬಿನ್ನಿನೊಳಗಲ್ಲ. ಹೊಗೆಗೆ ಎಂಜಿನ್ ಆಯಿಲ್ ಹಾಗೂ ಟಯರ್ ಸುಟ್ಟರೆ ಕಪ್ಪಗೆ ಎದ್ದು ಕಾಣುತ್ತದೆ.

1929ರ ಏಪ್ರಿಲ್‌ನಲ್ಲಿ ಕೀತ್ ಆಂಡರ್ಸನ್, ಬಾಬ್ ಹಿಚ್‌ಕಾಕ್ ಇಬ್ಬರೂ ‘ಕೂಕಬುರಾ’ ಎಂಬ ಸಣ್ಣ ವಿಮಾನವನ್ನು ತನಾಮಿ ಮರುಭೂಮಿಯಲ್ಲಿ ಕ್ಷೇಮವಾಗಿಯೇ ಇಳಿಸಿದ್ದರು. ಎಂಜಿನ್ ರಿಪೇರಿಯೂ ಆಯಿತು. ಪೊದೆಗಳ ನಡುವೆ ಮೇಲೇಳಲು ಓಟದ ಜಾಗ ಇರಲಿಲ್ಲ, ರೇಡಿಯೊ ಇರಲಿಲ್ಲ, ನೀರು ಕೆಲವೇ ಲೀಟರ್. ಇಬ್ಬರೂ ಬಾಯಾರಿ ಸತ್ತರು. ಆ ವಿಮಾನದ ಅವಶೇಷ ಈಗ ಆಲಿಸ್ ಸ್ಪ್ರಿಂಗ್ಸ್‌ನಲ್ಲಿದೆ, ಹೋದವರು ನೋಡಬಹುದು.

ಪ್ರಶ್ನೆ: ರಾತ್ರಿ ವಿಮಾನವನ್ನು ಬಯಲಲ್ಲೇ ಬಿಡಬೇಕೇ? (ಓದುಗರು, ಮಂಗಳೂರು)

ಉತ್ತರ: ಹೌದು. ನಿಮ್ಮದೇ ಗೂಟ, ಹಗ್ಗ ಒಯ್ಯಿರಿ. ಎರಡು ರೆಕ್ಕೆ ಮತ್ತು ಬಾಲ ಕಟ್ಟಿ, ಯೋಕ್‌ಗೆ ಲಾಕ್ ಹಾಕಿ. ಗಾಳಿಯೇ ಇಲ್ಲದ ಮಧ್ಯಾಹ್ನವೂ ಸುಳಿಗಾಳಿ ಎದ್ದು ವಿಮಾನ ಎತ್ತಿ ಹಾಕಬಲ್ಲದು. ಗಾಳಿಯ ಒತ್ತಡದಿಂದ ವೇಗ ಅಳೆಯುವ ಪಿಟೊ ಕೊಳವೆಗೆ ಇಳಿದ ಐದೇ ನಿಮಿಷದಲ್ಲಿ ಕವಚ ಹಾಕಿ. ಕುಂಬಾರ ಹುಳದ ಜಾತಿಯ ಕಣಜಗಳು ಬಲು ಬೇಗ ಕೊಳವೆಯೊಳಗೆ ಮಣ್ಣು ಮೆತ್ತುತ್ತವೆ, ವೇಗದ ಮಾಪಕ ಸತ್ತುಹೋಗುವುದು ಓಟ ಶುರುವಾದ ಮೇಲೆ ತಿಳಿಯುತ್ತದೆ. ಟ್ಯಾಂಕಿನ ಗಾಳಿಕಿಂಡಿಯನ್ನೂ ನೋಡಿ, ಅದು ಮುಚ್ಚಿದರೆ ಪೆಟ್ರೋಲು ಹರಿಯದೆ ಎಂಜಿನ್ ನಿಲ್ಲುತ್ತದೆ. ಐಪ್ಯಾಡ್ ಬಿಸಿಲಲ್ಲಿ ಬಿಟ್ಟರೆ ಕಾದು ಬಂದ್ ಆಗುತ್ತದೆ, ಕಾಗದದ ನಕಾಶೆ ಜೊತೆಗಿರಲಿ.

ಪ್ರಶ್ನೆ: ಪೆಟ್ರೋಲು ತುಂಬಿಸಿ ಅರ್ಧ ಗಂಟೆ ಬಿಟ್ಟು ಶುರು ಮಾಡಿದರೆ ಎಂಜಿನ್ ಹತ್ತುವುದೇ ಇಲ್ಲ. ಏಕೆ? (ಓದುಗರು, ಪರ್ತ್)

ಉತ್ತರ: ಬಿಸಿ ಎಂಜಿನ್ನಿನ ಮೇಲಿನ ಸಣ್ಣ ಕೊಳವೆಗಳಲ್ಲಿ ಪೆಟ್ರೋಲು ಕುದಿದು ಆವಿಯಾಗಿರುತ್ತದೆ. ಪ್ರೈಮ್ ಮಾಡಬೇಡಿ, ಅಂದರೆ ಮೊದಲೇ ಪೆಟ್ರೋಲು ಹಾಯಿಸಬೇಡಿ. ಮಿಕ್ಸ್ಚರ್ ಪೂರ್ತಿ ಹಿಂದೆ, ಥ್ರಾಟಲ್ ಅರ್ಧ ಇಂಚು ಮುಂದೆ, ಸ್ಟಾರ್ಟರ್ ತಿರುಗಿಸಿ, ಎಂಜಿನ್ ಹತ್ತಿದ ಕೂಡಲೇ ಮಿಕ್ಸ್ಚರ್ ಮುಂದಕ್ಕೆ ತಳ್ಳಿ. ಒಂದೇ ಸಮ ಸ್ಟಾರ್ಟರ್ ಒತ್ತಿ ಬ್ಯಾಟರಿ ಖಾಲಿ ಮಾಡಿಕೊಂಡರೆ ಅಲ್ಲಿ ಮೆಕ್ಯಾನಿಕ್ ಸಿಗುವುದಿಲ್ಲ. ನಿಂತಾಗ ಎಂಜಿನ್ ಹೊದಿಕೆಯ (ಕೌಲಿಂಗ್) ಮೇಲಿನ ಆಯಿಲ್ ಬಾಗಿಲು ತೆರೆದಿಟ್ಟರೆ ಬಿಸಿ ಹೊರಹೋಗುತ್ತದೆ. ಹಾರುವ ಮುನ್ನ ಮುಚ್ಚಲು ಮರೆಯಬೇಡಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಊಟಕ್ಕೇನು? (ಓದುಗರು, ಉಡುಪಿ)

ಉತ್ತರ: ಊರಿಗೊಂದೇ ಹೋಟೆಲ್, ಅಡುಗೆಮನೆ ರಾತ್ರಿ ಬೇಗ ಮುಚ್ಚುತ್ತದೆ. ಆಲೂಗಡ್ಡೆ, ಸಲಾಡ್, ಬ್ರೆಡ್ ಸಿಗುತ್ತದೆ, ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ಗೊಜ್ಜವಲಕ್ಕಿ, ಚಟ್ನಿಪುಡಿ ಒಯ್ಯುವುದಾದರೆ ಆಸ್ಟ್ರೇಲಿಯಾ ಪ್ರವೇಶಿಸುವಾಗ ಅರ್ಜಿಯಲ್ಲಿ ತಪ್ಪದೆ ನಮೂದಿಸಿ. ಕ್ವೀನ್ಸ್‌ಲ್ಯಾಂಡ್‌ನಿಂದ ಸೌತ್ ಆಸ್ಟ್ರೇಲಿಯಾಗೆ ಹಣ್ಣು ಒಯ್ಯುವುದಕ್ಕೆ ಹಣ್ಣುನೊಣದ ನಿರ್ಬಂಧವಿದೆ, ಸ್ವಂತ ವಿಮಾನಕ್ಕೂ ಅದು ಅನ್ವಯಿಸುತ್ತದೆ. ಬಾಳೆಹಣ್ಣನ್ನು ಬರ್ಡ್ಸ್‌ವಿಲ್‌ನಲ್ಲೇ ತಿಂದು ಮುಗಿಸಿ.

ಪ್ರಶ್ನೆ: ಬಾಡಿಗೆ ಕರಾರಿನಲ್ಲಿ ಏನು ನೋಡಬೇಕು? (ಓದುಗರು, ಬ್ರಿಸ್ಬೇನ್)

ಉತ್ತರ: ಮಣ್ಣಿನ ಸ್ಟ್ರಿಪ್ಪಿನಲ್ಲಿ ಇಳಿಯಲು ಲಿಖಿತ ಒಪ್ಪಿಗೆ ಇದೆಯೇ, ಮೊದಲು ನೋಡಿ. ಇಲ್ಲದೆ ಇಳಿದು ಪ್ರೊಪೆಲರ್ ಕಚ್ಚಿದರೆ ವಿಮೆ ಕೈಕೊಡುತ್ತದೆ. ವಿಮೆಯಲ್ಲಿ ನೀವು ಭರಿಸಬೇಕಾದ ಮೊತ್ತ ಎಷ್ಟು, ಕೇಳಿ. ಬಾಡಿಗೆ ‘ವೆಟ್’ ಆದರೆ, ಅಂದರೆ ಪೆಟ್ರೋಲು ಸೇರಿದ್ದಾದರೆ, ದಾರಿಯಲ್ಲಿ ನೀವು ಕೊಟ್ಟ ದುಡ್ಡನ್ನು ಸಾಮಾನ್ಯವಾಗಿ ಅವರ ಊರಿನ ದರದಲ್ಲಷ್ಟೇ ಹಿಂದಿರುಗಿಸುತ್ತಾರೆ. ಒಳನಾಡಿನ ದರ ಅದಕ್ಕಿಂತ ಬಹಳ ಜಾಸ್ತಿ, ವ್ಯತ್ಯಾಸ ನಿಮ್ಮ ಜೇಬಿಗೆ. ದಿನಕ್ಕೆ ಕನಿಷ್ಠ ಇಷ್ಟು ಗಂಟೆ ಹಾರಲೇಬೇಕೆಂಬ ಷರತ್ತು ಇರುತ್ತದೆ, ಮಳೆಗೆ ಸಿಕ್ಕಿ ನಿಂತ ದಿನಗಳಿಗೆ ಅದನ್ನು ಬಿಡುತ್ತಾರೆಯೇ ಎಂದು ಬರೆಸಿಕೊಳ್ಳಿ. ಬಿಡದಿದ್ದರೆ ಬೇರೆ ಕಡೆ ವಿಚಾರಿಸಿ, ಏಕೆಂದರೆ ಖಾಲಿ ನಿಂತ ದಿನದ ಖರ್ಚಿಗೆ ಹೆದರಿದ ಪೈಲಟ್ ಒದ್ದೆ ಸ್ಟ್ರಿಪ್ಪಿನಿಂದ ಏಳಲು ನೋಡುತ್ತಾನೆ. ನೂರು ಗಂಟೆಗೊಮ್ಮೆ ಆಗಬೇಕಾದ ತಪಾಸಣೆಗೆ ಎಷ್ಟು ಗಂಟೆ ಬಾಕಿಯಿದೆ ಎಂದು ನೋಡಿಯೇ ಕೀಲಿ ಪಡೆಯಿರಿ. ಹದಿನೈದು ಗಂಟೆ ಉಳಿದಿರುವ ವಿಮಾನದಲ್ಲಿ ಇಪ್ಪತ್ತು ಗಂಟೆಯ ಪ್ರವಾಸ ಹೊರಟರೆ ಕೊನೆಯ ಐದು ಗಂಟೆ ಬಸ್ಸಿನಲ್ಲಿ.